ಬರಿದಾದ ಹಗೇವು: ಮೋಟರ್‌ಸೈಕಲ್ಲಿನ ಬ್ಯಾಟರಿಯ ವಿಚಾರ

ಇಂಡಿ ಪಟ್ಟಣದ ಲಿಂಬೆಯ ಪೇಟೆಗೆ ನಸುಕಿನಲ್ಲಿಯೇ ಹೊರಡಬೇಕಾದ ರೈತನೊಬ್ಬನು, ಕಾಯಿ ತುಂಬಿದ ಚೀಲವನ್ನು ಸೀಟಿನ ಮೇಲೆ ಅಡ್ಡಲಾಗಿ ಬಿಗಿದು, ಚಾವಿ ತಿರುವಿ, ಸೆಲ್ಫಿನ ಗುಂಡಿಯನ್ನೊತ್ತಿದಾಗ, ಎಂಜಿನಿನ ಧ್ವನಿಗೆ ಬದಲಾಗಿ ಸೀಟಿನ ಕೆಳಗಿನಿಂದ ‘ಟಕ್ ಟಕ್’ ಎಂಬ ಕ್ಷೀಣವಾದ ಸದ್ದೊಂದು ಮಾತ್ರ ಕೇಳಿಬಂದರೆ, ಆ ದಿನದ ಅವನ ಲೆಕ್ಕಾಚಾರವೆಲ್ಲವೂ ಆ ಅಂಗಳದಲ್ಲಿಯೇ ನಿಂತುಹೋಗುತ್ತದೆ. ಸಿಂದಗಿಯ ಶಾಲೆಗೆ ಹೋಗತಕ್ಕ ಶಿಕ್ಷಕಿಗೂ, ಮುದ್ದೇಬಿಹಾಳದ ಹಳ್ಳಿಗಳಲ್ಲಿ ಹಾಲು ಕೂಡಿಸುವ ಹುಡುಗನಿಗೂ, ಬಸವನ ಬಾಗೇವಾಡಿಯ ಸಂತೆಗೆ ಬಟ್ಟೆಯ ಗಂಟು ಹೊರುವ ವ್ಯಾಪಾರಿಗೂ ಇದೇ ಅನುಭವ. ಗಾಡಿಯನ್ನು ನೂಕುತ್ತ ಗ್ಯಾರೇಜಿನ ವರೆಗೆ ಹೋದರೆ, ಅಲ್ಲಿ ಬಹುಮಟ್ಟಿಗೆ ಕೇಳಬರುವ ತೀರ್ಪು ಒಂದೇ: “ಬ್ಯಾಟ್ರಿ ಹೋಗ್ಯಾದ್ರಿ ಕಾಕಾ, ಹೊಸಾದು ಹಾಕಸ್ರಿ.”

ಈ ತೀರ್ಪು ಕೆಲವೊಮ್ಮೆ ನಿಜವೇ ಆಗಿರುತ್ತದೆ. ಆದರೆ ಅಳತೆಯ ಸಾಕ್ಷ್ಯವಿಲ್ಲದೆ ಕೊಟ್ಟ ತೀರ್ಪಾದುದರಿಂದ, ಅದು ನಿಜವಾದಾಗಲೂ ಆಕಸ್ಮಿಕವಾಗಿಯೇ ನಿಜವಾಗಿರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಸಾವಿರ, ಒಂದೂವರೆ ಸಾವಿರ ರೂಪಾಯಿಗಳನ್ನು ತೆತ್ತು ಹೊಸ ಬ್ಯಾಟರಿಯನ್ನು ಕೂರಿಸಿ, ಹದಿನೈದು ದಿನಗಳಲ್ಲಿ ಅದೂ ಬರಿದಾದಾಗ ಕಂಪನಿಯನ್ನು ಶಪಿಸುವವರನ್ನು ನಮ್ಮ ಸೀಮೆಯಲ್ಲಿ ಎಷ್ಟೋ ಮಂದಿ ಕಂಡಿದ್ದೇನೆ. ದೋಷವು ಬ್ಯಾಟರಿಯಲ್ಲಿ ಇರಲೇ ಇಲ್ಲವೆಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಹಿಂದೆ ಈ ವ್ಯಾಧಿಯು ಇಷ್ಟು ಕ್ರೂರವಾಗಿರಲಿಲ್ಲ. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಂದ ಜಾವಾ ಗಾಡಿಗಳು 6 ವೋಲ್ಟಿನವು. ಅವು ಹಟ ಹಿಡಿದರೆ ನಾಲ್ಕು ಜನ ನೂಕಿ ಎಬ್ಬಿಸುತ್ತಿದ್ದರು. ಆಮೇಲೆ ಬಂದ ಚಿಕ್ಕ 100 ಸಿ.ಸಿ. ಗಾಡಿಗಳಲ್ಲಿಯಂತೂ ಕಿಡಿ ಹಾರಿಸುವ ವಿದ್ಯುತ್ತು ಬಹುತೇಕ ತನ್ನದೇ ಆದ ಪ್ರತ್ಯೇಕ ಕಾಯಿಲಿನಿಂದ ಬರುತ್ತಿದ್ದುದರಿಂದ, ಬ್ಯಾಟರಿ ಸತ್ತುಹೋಗಿದ್ದರೂ ಒಂದು ಕಿಕ್ಕಿಗೆ ಎಂಜಿನ್ ಏಳುತ್ತಿತ್ತು. ಹಾರ್ನ್ ಮತ್ತು ಇಂಡಿಕೇಟರುಗಳಿಲ್ಲದೆ ತಿಂಗಳುಗಟ್ಟಲೆ ಗಾಡಿ ಓಡಿಸಿದವರೂ ಉಂಟು. 2017ರ ಏಪ್ರಿಲ್ 1ರಿಂದ, ಎಂಜಿನ್ ನಡೆಯುವಷ್ಟು ಹೊತ್ತೂ ಮುಂದಿನ ದೀಪ ತಾನಾಗಿಯೇ ಉರಿಯತಕ್ಕದ್ದೆಂಬ ನಿಯಮ ಬಂದಿತು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಎಂಬ ಹೊಗೆ ನಿಯಂತ್ರಣದ ನಿಯಮ ಜಾರಿಯಾಗಿ, ಕಾರ್ಬ್ಯುರೇಟರಿನ ಸ್ಥಾನದಲ್ಲಿ ಪೆಟ್ರೋಲನ್ನು ಚಿಮ್ಮಿಸುವ ಇಂಜೆಕ್ಟರು, ಅದಕ್ಕೆ ಒತ್ತಡ ಕೊಡುವ ಪಂಪು, ಇವೆರಡನ್ನೂ ಆಳುವ ಇ.ಸಿ.ಯು. ಎಂಬ ಚಿಕ್ಕ ಗಣಕ ಮನೆಮಾಡಿಕೊಂಡವು. ಇವೆಲ್ಲವೂ ವಿದ್ಯುತ್ತನ್ನೇ ಉಂಡು ಬದುಕುವಂಥವು. ಬ್ಯಾಟರಿ ಪೂರ್ಣವಾಗಿ ಬರಿದಾದರೆ ಕಿಕ್ ಇದ್ದರೂ ಗಾಡಿ ಏಳುವುದು ಕಷ್ಟ, ಎಷ್ಟೋ ಹೊಸ ಗಾಡಿಗಳಲ್ಲಿ ಕಿಕ್ಕೇ ಇಲ್ಲ. ಆದುದರಿಂದ, ಹಿಂದೆ ಮಿಸ್ತ್ರಿಗಳ ವಿದ್ಯೆಯಾಗಿದ್ದ ಈ ವಿಷಯವನ್ನು ಇಂದು ಗಾಡಿಯುಳ್ಳ ಪ್ರತಿಯೊಬ್ಬನೂ ಸ್ವಲ್ಪಮಟ್ಟಿಗೆ ಅರಿತಿರಬೇಕಾಗಿದೆ.

ಅರಿಯುವುದು ಕಷ್ಟವೇನಲ್ಲ. ನಮ್ಮ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಬೇಕಾದಾಗ ತೆಗೆದು ಉಣ್ಣುತ್ತಿದ್ದರಷ್ಟೆ. ಹಗೇವು ಕಾಳನ್ನು ಬೆಳೆಯುವುದಿಲ್ಲ. ಹೊಲ ಕೊಟ್ಟುದನ್ನು ಕಾದಿಡುತ್ತದೆ. ಮೋಟರ್‌ಸೈಕಲ್ಲಿನ ಬ್ಯಾಟರಿಯೂ ಅಂಥದೇ. ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ 1859ರಲ್ಲಿ ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ ಮಾಡಿದ ಆ ಕೋಶವೇ, ಮೂಲಭೂತವಾಗಿ ಬದಲಾಗದೆ, ಇಂದಿಗೂ ನಮ್ಮ ಸೀಟಿನ ಕೆಳಗೆ ಕುಳಿತಿದೆ. ಒಂದೊಂದು ಕೋಶಕ್ಕೆ ಸುಮಾರು 2.1 ವೋಲ್ಟಿನಂತೆ ಆರು ಕೋಶಗಳು ಸಾಲಾಗಿ ಸೇರಿ, 12 ವೋಲ್ಟೆಂದು ನಾವು ಕರೆಯುವ, ವಾಸ್ತವದಲ್ಲಿ ತುಂಬಿದಾಗ 12.6ಕ್ಕೂ ಮಿಕ್ಕಿದ, ಬ್ಯಾಟರಿಯಾಗುತ್ತದೆ. ಅದರ ಹೊಟ್ಟೆ ಬಹಳ ಚಿಕ್ಕದು: ಸಾಧಾರಣ 100 ಸಿ.ಸಿ. ಗಾಡಿಯಲ್ಲಿ 3 ಆಂಪೇರ್-ಅವರ್ ಆಸುಪಾಸು, ಕೆಲವು ಬುಲೆಟ್ಟುಗಳಲ್ಲಿ ಮಾತ್ರ 14.

ಹಾಗಾದರೆ ಹೊಲ ಯಾವುದು? ಎಂಜಿನಿನ ಪಕ್ಕದ ಮುಚ್ಚಳದೊಳಗೆ, ಕ್ರ್ಯಾಂಕಿನ ತುದಿಗೆ ಕಟ್ಟಿದ ಅಯಸ್ಕಾಂತದ ಬಟ್ಟಲೊಂದು ತಿರುಗುತ್ತಿರುತ್ತದೆ; ನಮ್ಮ ಮೆಕ್ಯಾನಿಕರು ಅದನ್ನು ‘ಮ್ಯಾಗ್ನೆಟ್’ ಎನ್ನುತ್ತಾರೆ. ಅದರ ಒಳಗೆ ಕದಲದೆ ನಿಂತ ತಾಮ್ರದ ಸುರುಳಿಗಳೇ ‘ಕಾಯಿಲ್ ಪ್ಲೇಟು’, ಅಥವಾ ಸ್ಟೇಟರು. ಆಲಮಟ್ಟಿಯಲ್ಲಿ ಕೃಷ್ಣೆಯ ನೀರು ಚಕ್ರಗಳನ್ನು ತಿರುಗಿಸಿ 290 ಮೆಗಾವ್ಯಾಟ್ ಸಾಮರ್ಥ್ಯದ ಕೇಂದ್ರವನ್ನು ನಡೆಸುವುದು ಯಾವ ತತ್ತ್ವದಿಂದಲೋ, 1831ರಲ್ಲಿ ಫ್ಯಾರಡೆ ಕಂಡುಹಿಡಿದ ಅದೇ ತತ್ತ್ವದಿಂದ ಈ ಅಂಗೈಯಗಲದ ಸುರುಳಿಯೂ ನೂರು ವ್ಯಾಟಿನ ಆಸುಪಾಸಿನ ವಿದ್ಯುತ್ತನ್ನು ಹುಟ್ಟಿಸುತ್ತದೆ. ಹೀಗೆ ಹುಟ್ಟುವುದು ದಿಕ್ಕು ಬದಲಿಸುತ್ತಿರುವ ಎ.ಸಿ. ಪ್ರವಾಹ, ಬ್ಯಾಟರಿಗೆ ಬೇಕಾದುದು ಒಂದೇ ದಿಕ್ಕಿನ ಡಿ.ಸಿ. ಆದ್ದರಿಂದ ನಡುವೆ ಅಲ್ಯುಮಿನಿಯಮ್ಮಿನ ರೆಕ್ಕೆಗಳುಳ್ಳ ‘ಆರ್.ಆರ್. ಯೂನಿಟ್ಟು’ ಕುಳಿತು, ಪ್ರವಾಹದ ದಿಕ್ಕನ್ನು ಸರಿಪಡಿಸುವುದರ ಜೊತೆಗೆ, ಹೆಚ್ಚಾದುದನ್ನು ತಡೆದು, ಹಗೇವಿಗೆ ಹಿಡಿಸುವಷ್ಟನ್ನೇ ಅಳೆದು ಹಾಕುತ್ತದೆ. ಹೊಲದಿಂದ ಹಗೇವಿನ ವರೆಗಿನ ದಾರಿಯೇ ವೈರು, ಕಪ್ಲರು, ಫ್ಯೂಸು.

ಹಗೇವು ಬರಿದಾಗಿದ್ದರೆ, ಹೊಲ ಬೆಳೆಯದಿರಬಹುದು, ಅಳೆಯುವ ಕೈ ಕೆಟ್ಟಿರಬಹುದು, ಬಂಡಿ ನಡುದಾರಿಯಲ್ಲಿ ನಿಂತಿರಬಹುದು, ರಾತ್ರಿ ಯಾರಾದರೂ ಕದ್ದಿರಬಹುದು, ಕೊನೆಯದಾಗಿ ಹಗೇವಿನ ಗೋಡೆಯೇ ಕುಸಿದಿರಬಹುದು. ಈ ಐದರಲ್ಲಿ ಕೊನೆಯದನ್ನೇ ಮೊದಲು ಊಹಿಸುವುದು ನಮ್ಮಲ್ಲಿ ರೂಢಿಯಾಗಿಹೋಗಿದೆ.

ಪರೀಕ್ಷೆಗೆ ಬೇಕಾದ ಉಪಕರಣ ಮಲ್ಟಿಮೀಟರು; ಕೆಲವು ನೂರು ರೂಪಾಯಿಗಳಿಗೆ ಯಾವ ತಾಲ್ಲೂಕು ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿಯೂ ಸಿಕ್ಕುತ್ತದೆ. ಅದರ ಬಿಲ್ಲೆಯನ್ನು ಡಿ.ಸಿ. 20 ವೋಲ್ಟಿಗೆ ತಿರುವಿ, ಕೆಂಪು ಕಡ್ಡಿಯನ್ನು ಬ್ಯಾಟರಿಯ ಧನಾಗ್ರಕ್ಕೂ ಕರಿಯದನ್ನು ಋಣಾಗ್ರಕ್ಕೂ ಮುಟ್ಟಿಸಿ, ಮೂರು ಸಲ ಓದಿಕೊಂಡರೆ ಅರ್ಧ ರೋಗ ತಾನಾಗಿಯೇ ಬಾಯಿಬಿಡುತ್ತದೆ.

ಮೊದಲನೆಯ ಓದು ವಿಶ್ರಾಂತಿಯದು. ಗಾಡಿಯನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಚಾವಿ ಹಾಕುವ ಮೊದಲೇ ಅಳೆಯಬೇಕು. ಓಡಿಸಿ ತಂದ ಕೂಡಲೇ ಅಳೆದರೆ ತಗಡುಗಳ ಮೇಲ್ಮೈಯಲ್ಲಿ ನಿಂತ ಚಾರ್ಜು ನಮ್ಮನ್ನು ವಂಚಿಸುತ್ತದೆ. 12.6 ಅಥವಾ ಅದಕ್ಕೂ ಮೇಲಿದ್ದರೆ ಹಗೇವು ತುಂಬಿದೆ. ಮುಚ್ಚಿದ ಮಾದರಿಯ ಹೊಸ ಬ್ಯಾಟರಿಗಳಲ್ಲಿ 12.8ರ ವರೆಗೂ ಕಾಣಬಹುದು. 12.2 ಎಂದರೆ ಅರ್ಧ, 12ಕ್ಕೆ ಕಾಲುಭಾಗ ಮಾತ್ರ ಉಳಿದಿದೆ, 11.8ಕ್ಕೆ ತಳ ಕಂಡಂತೆಯೇ. ಇಲ್ಲಿ ಒಂದು ಸೂಕ್ಷ್ಮವಿದೆ. ಎಷ್ಟು ಚಾರ್ಜು ಮಾಡಿಟ್ಟರೂ ಬೆಳಗಾಗುವುದರೊಳಗೆ ಓದು 10.5ರ ಹತ್ತಿರಕ್ಕೆ ಬಂದು ನಿಲ್ಲುತ್ತಿದ್ದರೆ, ಆರರಲ್ಲಿ ಒಂದು ಕೋಶ ಸತ್ತಿದೆಯೆಂದು ತಿಳಿಯಬಹುದು, 12.6ರಲ್ಲಿ 2.1ನ್ನು ಕಳೆದರೆ ಉಳಿಯುವುದು ಅಷ್ಟೇ ಅಲ್ಲವೆ? ಆಗ ಮಾತ್ರ ‘ಬ್ಯಾಟ್ರಿ ಹೋಗ್ಯಾದ’ ಎಂಬ ತೀರ್ಪಿಗೆ ಸಾಕ್ಷ್ಯ ದೊರೆತಂತಾಯಿತು.

ಎರಡನೆಯದು ಶ್ರಮದ ಓದು. ಕಡ್ಡಿಗಳನ್ನು ಹಿಡಿದೇ ಇದ್ದು ಸೆಲ್ಫನ್ನು ಒತ್ತಬೇಕು. ಓದು ಕ್ಷಣಕಾಲ ಕುಸಿಯುವುದು ಸಹಜ, ಆದರೆ 9.6ಕ್ಕಿಂತ ಕೆಳಗೆ ಜಾರಬಾರದು. ವಿಶ್ರಾಂತಿಯಲ್ಲಿ 12.6 ತೋರಿಸಿದ ಬ್ಯಾಟರಿಯೇ ಭಾರ ಬಿದ್ದೊಡನೆ 7ಕ್ಕೋ 8ಕ್ಕೋ ಇಳಿದರೆ, ಅದರ ತಗಡುಗಳು ನಿಸ್ಸತ್ತ್ವವಾಗಿವೆ. ಓದು ಇಳಿಯದೆ ಇದ್ದು, ಸೆಲ್ಫೂ ತಿರುಗದಿದ್ದರೆ ಬ್ಯಾಟರಿಯನ್ನು ಬಿಟ್ಟು ಸೆಲ್ಫಿನ ರಿಲೇ, ಕಾರ್ಬನ್, ಕ್ಲಚ್ಚಿನ ಸ್ವಿಚ್ಚುಗಳ ಕಡೆಗೆ ನೋಡಬೇಕು. ಮೀಟರಿಲ್ಲದವರಿಗೆ ಹಾರ್ನೇ ಮೀಟರು: ಗಟ್ಟಿಯಾಗಿ ಕೂಗುವ ಹಾರ್ನ್ ಸೆಲ್ಫ್ ಒತ್ತಿದೊಡನೆ ಗಂಟಲು ಕಟ್ಟಿದಂತಾದರೆ ಬ್ಯಾಟರಿಯೋ ಅದರ ಟರ್ಮಿನಲ್ಲೋ ದುರ್ಬಲವಾಗಿದೆ.

ಮೂರನೆಯದೇ ಮುಖ್ಯ, ಮತ್ತು ಅದನ್ನೇ ಹೆಚ್ಚಿನವರು ಮಾಡುವುದಿಲ್ಲ. ಎಂಜಿನನ್ನು ಎಬ್ಬಿಸಿ, ದೀಪ ಹಚ್ಚಿ, ಎಕ್ಸಲೇಟರನ್ನು ಮಧ್ಯಮ ವೇಗದ ವರೆಗೆ ತಿರುವಿ ಹಿಡಿದಾಗ, ಬ್ಯಾಟರಿಯ ಮೇಲಿನ ಓದು 13.5ರಿಂದ 14.8ರ ಮಧ್ಯದಲ್ಲಿ ನಿಲ್ಲಬೇಕು. ನಿಂತರೆ ಹೊಲ, ಕೈ, ದಾರಿ ಮೂರೂ ಕ್ಷೇಮ. ಓದು ಏರದೆ, ಎಂಜಿನ್ ನಿಂತಿದ್ದಾಗ ಇದ್ದಲ್ಲಿಯೇ ಇದ್ದರೆ, ಹಗೇವಿಗೆ ಕಾಳು ಬರುತ್ತಿಲ್ಲ. ಏರಿ ಏರಿ 15ನ್ನು ದಾಟಿದರೆ ಅಳೆಯುವ ಕೈ ಕೆಟ್ಟಿದೆ. ಅಂಥ ಗಾಡಿಯಲ್ಲಿ ಬ್ಯಾಟರಿ ಉಬ್ಬುತ್ತದೆ, ಕುದಿಯುತ್ತದೆ, ಬಲ್ಬುಗಳು ಮೇಲಿಂದ ಮೇಲೆ ಸುಡುತ್ತವೆ.

ಈ ಮೂರನೆಯ ಓದಿನ ಬೆಲೆಯನ್ನು ನಾನು ಕಲಿತದ್ದು ಮುದ್ದೇಬಿಹಾಳದಲ್ಲಿ. ಆಗ ನನ್ನ ಗಾಡಿಗೆ ಹದಿನಾಲ್ಕು ತಿಂಗಳುಗಳಲ್ಲಿ ಎರಡು ಬ್ಯಾಟರಿಗಳಾಗಿದ್ದುವು. ಸಿಂದಗಿಯಿಂದ ದೇವರ ಹಿಪ್ಪರಗಿಯ ಮಾರ್ಗವಾಗಿ ಬಸವನ ಬಾಗೇವಾಡಿಗೆ ಬಂದು, ಅಲ್ಲಿ ಬಸವೇಶ್ವರನ ಗುಡಿಗೆ ಹೋಗಿ ಹೊರಗೆ ಬಂದಾಗ ಗಾಡಿ ಏಳಲಿಲ್ಲ. ಇಳಿಜಾರಿನಲ್ಲಿ ನೂಕಿ ಎಬ್ಬಿಸಿ, ನಡುವೆ ಎಲ್ಲಿಯೂ ನಿಲ್ಲಿಸದೆ ಮುದ್ದೇಬಿಹಾಳ ಸೇರಿದೆ. ಊರ ಹೊರಗಿನ ತಗಡಿನ ಗ್ಯಾರೇಜೊಂದರಲ್ಲಿ ವಯಸ್ಸಾದ ಮಿಸ್ತ್ರಿಯೊಬ್ಬರು ಕುಳಿತಿದ್ದರು. ಹುಡುಗರು ಅವರನ್ನು ಚಾಚಾ ಎನ್ನುತ್ತಿದ್ದರು. ನಾನು ಮೂರನೆಯ ಬ್ಯಾಟರಿಯನ್ನು ಕೇಳಿದೆ. ಅವರು ಕೊಡಲಿಲ್ಲ. ಎಂಜಿನನ್ನು ಎಬ್ಬಿಸಿ ಬ್ಯಾಟರಿಯ ಮೇಲೆ ಮೀಟರು ಹಿಡಿದರು: 12.5. ಎಕ್ಸಲೇಟರ್ ತಿರುವಿದರು: ಅಷ್ಟೇ. ಅನಂತರ ಒಂದು ಕಡ್ಡಿಯನ್ನು ಬ್ಯಾಟರಿಯ ಧನಾಗ್ರದ ಮೇಲೆಯೇ ಬಿಟ್ಟು, ಇನ್ನೊಂದನ್ನು ಆರ್.ಆರ್. ಯೂನಿಟ್ಟಿನಿಂದ ಹೊರಡುವ ಕೆಂಪು ವೈರಿನ ಬುಡಕ್ಕೆ ಚುಚ್ಚಿದರು. ಒಂದೇ ವೈರಿನ ಎರಡು ತುದಿಗಳ ನಡುವೆ 0.2 ವೋಲ್ಟಿಗಿಂತ ಹೆಚ್ಚಿನ ಅಂತರವಿರಬಾರದು, ಮೀಟರು 1.6 ತೋರಿಸಿತು.

“ಸರ, ಬ್ಯಾಟ್ರಿ ಏನ್ ಮಾಡೀತ್ರಿ ಪಾಪ, ಅದಕ್ಕ ಊಟಾನ ಮುಟ್ಟವಲ್ದು,” ಎಂದರು.

ವೈರನ್ನು ಹಿಡಿದು ಹೋದರೆ ನಡುವೆ ಒಂದು ಕಪ್ಲರು. ಅದರ ಬಿಳಿಯ ಪ್ಲಾಸ್ಟಿಕ್ಕು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಒಳಗಿನ ಹಿತ್ತಾಳೆಯ ಪಿನ್ನು ಹಸಿರುಗಟ್ಟಿ ಅರೆಸುಟ್ಟಿತ್ತು. ಒತ್ತಡದ ನೀರಿನಲ್ಲಿ ಗಾಡಿ ತೊಳೆಸುವಾಗಲೆಲ್ಲ ಅಲ್ಲಿ ನೀರು ಸೇರಿ, ಕಿಲುಬು ಹುಟ್ಟಿ, ಪ್ರವಾಹಕ್ಕೆ ತಡೆಯಾಗಿ, ತಡೆಯಿಂದ ಬಿಸಿಯಾಗಿ, ಬಿಸಿಯಿಂದ ಮತ್ತಷ್ಟು ಕಿಲುಬಾಗಿ, ಹುಟ್ಟಿದ ವಿದ್ಯುತ್ತಿನ ಒಂದು ಪಾಲು ಅಲ್ಲಿಯೇ ಶಾಖವಾಗಿ ಕಳೆದುಹೋಗುತ್ತಿತ್ತು. ಅವರು ಆ ತುಂಡನ್ನು ಕತ್ತರಿಸಿ, ಹೊಸ ಪಿನ್ನು ಬೆಸುಗೆ ಹಾಕಿ, ವೈರನ್ನು ಸುತ್ತಿದರು. ಓದು 14.2ಕ್ಕೆ ಏರಿತು. ಕೂಲಿಯಾಗಿ ಅವರು ಪಡೆದ ಹಣಕ್ಕೆ ಬ್ಯಾಟರಿಯ ಒಂದು ನಟ್ಟೂ ಬರುತ್ತಿರಲಿಲ್ಲ. ಹಿಂದಿನ ಎರಡೂ ಬ್ಯಾಟರಿಗಳು ನಿರ್ದೋಷಿಗಳಾಗಿದ್ದುವೆಂಬುದನ್ನು ನೆನೆದು ಅಂದು ನನಗೆ ನಿಜವಾಗಿ ವ್ಯಥೆಯಾಯಿತು.

ದಾರಿ ಸರಿಯಿದ್ದೂ ಊಟ ಮುಟ್ಟದಿದ್ದರೆ ಕಾಯಿಲನ್ನು ವಿಚಾರಿಸಬೇಕು. ದೊಡ್ಡ ಗಾಡಿಗಳಲ್ಲಿ ಸ್ಟೇಟರಿನಿಂದ ಸಾಮಾನ್ಯವಾಗಿ ಒಂದೇ ಬಣ್ಣದ ಮೂರು ವೈರುಗಳು ಹೊರಬರುತ್ತವೆ. ಅವುಗಳ ಕಪ್ಲರನ್ನು ಬಿಚ್ಚಿ, ಮೀಟರನ್ನು ಎ.ಸಿ.ಗೆ ತಿರುವಿ, ಎಂಜಿನ್ ಓಡುತ್ತಿರುವಾಗ ಎರಡೆರಡನ್ನು ಜೊತೆಗೂಡಿಸಿ ಅಳೆದರೆ ಮೂರು ಜೋಡಿಗಳೂ ಸಮಾನವಾದ ಓದನ್ನು ಕೊಡಬೇಕು; ವೇಗ ಏರಿದಂತೆ ಮೂರೂ ಒಟ್ಟಿಗೆ ಏರಬೇಕು. ಆ ವೋಲ್ಟೇಜು ಹೆಚ್ಚಾಗಿರುತ್ತದಾದ್ದರಿಂದ ಬರಿಗೈಯಿಂದ ಮುಟ್ಟಕೂಡದು. ಒಂದು ಜೋಡಿ ಹಿಂದೆ ಬಿದ್ದರೆ ಸುರುಳಿಯೊಂದು ಸುಟ್ಟಿದೆ. ಎಂಜಿನನ್ನು ನಿಲ್ಲಿಸಿ, ಮೀಟರನ್ನು ಓಮಿಗೆ ತಿರುವಿ ನೋಡಿದರೆ, ಮೂರರಲ್ಲಿ ಯಾವ ವೈರಿಗೂ ಗಾಡಿಯ ಮೈಗೂ ಸಂಬಂಧ ಕಾಣಬಾರದು. ಕಂಡರೆ ಸುರುಳಿಯ ಹೊದಿಕೆ ಹರಿದಿದೆ. ಕಾಯಿಲು ಸರಿಯಿದ್ದು, ವೈರು ಸರಿಯಿದ್ದು, ಆದರೂ ಓದು ಏರದಿದ್ದರೆ ಆಗ ಉಳಿಯುವುದು ಆರ್.ಆರ್. ಯೂನಿಟ್ಟು. ಈ ಕ್ರಮವನ್ನು ತಪ್ಪಿಸಿ ಯೂನಿಟ್ಟನ್ನೇ ಮೊದಲು ಬದಲಿಸುವುದೂ ಊಹೆಯ ಮೇಲೆ ಬ್ಯಾಟರಿ ಬದಲಿಸಿದಂತೆಯೇ ಸರಿ.

ಈ ಯೂನಿಟ್ಟಿಗೆ ನಮ್ಮ ಎರಿಯ ಭೂಮಿ ಒಂದು ವಿಶೇಷ ಶತ್ರು. ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಓಡಿದ ಗಾಡಿಗೆ ಮೆತ್ತಿಕೊಳ್ಳುವ ಕರಿಯ ಮಣ್ಣು ಒಣಗಿದ ಮೇಲೆ ಕಲ್ಲಾಗುತ್ತದೆ. ಯೂನಿಟ್ಟಿನ ರೆಕ್ಕೆಗಳ ಸಂದಿಯಲ್ಲಿ ಅದು ತುಂಬಿದರೆ, ಗಾಳಿಗೆ ಬಿಟ್ಟುಕೊಡಬೇಕಾದ ಶಾಖವನ್ನು ಯೂನಿಟ್ಟು ಒಳಗೇ ಹಿಡಿದಿಟ್ಟುಕೊಂಡು ಬೇಯುತ್ತದೆ. ಒಂದು ಕಡ್ಡಿಯಿಂದ ಆ ಸಂದಿಗಳನ್ನು ಕೆದರಿ ತೆಗೆಯುವುದು ಎರಡು ನಿಮಿಷದ ಕೆಲಸ.

ಇನ್ನು ಕಳವಿನ ವಿಷಯ. ಓಡುವಾಗ 14 ತೋರಿಸುವ ಗಾಡಿ ಮೂರು ದಿನ ನಿಂತರೆ ಏಳದಿದ್ದಲ್ಲಿ, ಚಾವಿ ತೆಗೆದ ಮೇಲೂ ಯಾವುದೋ ಒಂದು ಬಾಯಿ ಉಣ್ಣುತ್ತಿದೆ. ಕರಿಯ ವೈರನ್ನು ಋಣಾಗ್ರದಿಂದ ಬಿಚ್ಚಿ, ಆ ಅಂತರದಲ್ಲಿ ಮೀಟರನ್ನು ಆಂಪೇರಿನ ಅಳತೆಗಿಟ್ಟು ಸೇರಿಸಿದರೆ, ಗಡಿಯಾರ ಮತ್ತು ಇ.ಸಿ.ಯು.ಗಳಿಗಾಗಿ ಕೆಲವೇ ಮಿಲಿಆಂಪೇರು ಹರಿಯುವುದು ಕ್ಷಮ್ಯ. ಆ ಹೊತ್ತಿನಲ್ಲಿ ಚಾವಿಯನ್ನಾಗಲಿ ಸೆಲ್ಫನ್ನಾಗಲಿ ಮುಟ್ಟಬಾರದು, ಮೀಟರಿನ ಫ್ಯೂಸು ಹೋದೀತು. 50 ಮಿಲಿಆಂಪೇರು ಸೋರುತ್ತಿದ್ದರೆ 3 ಆಂಪೇರ್-ಅವರಿನ ಬ್ಯಾಟರಿ 60 ಗಂಟೆಗಳಲ್ಲಿ, ಅಂದರೆ ಎರಡೂವರೆ ದಿನದಲ್ಲಿ, ಬರಿದು. ಕಳ್ಳನು ಬಹುಮಟ್ಟಿಗೆ ಆಮೇಲೆ ಹಾಕಿಸಿದ ಹೆಚ್ಚುವರಿ ಹಾರ್ನು, ಬಣ್ಣದ ಎಲ್.ಇ.ಡಿ. ಪಟ್ಟಿ, ಮೊಬೈಲಿನ ಚಾರ್ಜರು, ಇಲ್ಲವೆ ಕಾಳಿನ ಕೋಣೆಯಲ್ಲಿ ನಿಲ್ಲಿಸಿದ ಗಾಡಿಯ ವೈರನ್ನು ಇಲಿ ಕಡಿದ ಜಾಗ.

ನೀರಿನ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು. ಡೋಣಿ ಹೊಳೆಯ ನೀರಿನ ಉಪ್ಪು ನಮಗೆ ತಿಳಿದದ್ದೇ. ಎಷ್ಟೋ ಊರುಗಳ ಬಾವಿ, ಬೋರುಗಳೂ ಸವುಳು. ನೀರು ಹಾಕುವ ಮಾದರಿಯ ಬ್ಯಾಟರಿಗೆ ಕೊಡದೊಳಗಿನ ನೀರನ್ನೋ, ಫಿಲ್ಟರ್ ನೀರನ್ನೋ ಹಾಕಿದವರು, ಅದರಲ್ಲಿನ ಲವಣಗಳು ಸೀಸದ ತಗಡುಗಳನ್ನು ಕಚ್ಚಿ, ಚಾರ್ಜು ತಾನಾಗಿಯೇ ಕರಗುವಂತೆ ಮಾಡುತ್ತವೆಂಬುದನ್ನು ಅರಿಯರು. ಭಟ್ಟಿಯಿಳಿಸಿದ ಬ್ಯಾಟರಿ ನೀರನ್ನೇ, ಮೇಲಿನ ಗೆರೆಯ ವರೆಗೆ ಮಾತ್ರ ಹಾಕತಕ್ಕದ್ದು. ಬತ್ತಿಹೋಗುವುದು ನೀರೇ ಹೊರತು ಆಮ್ಲವಲ್ಲವಾದ್ದರಿಂದ ಮತ್ತೆ ಆಮ್ಲವನ್ನು ಸುರಿಯಕೂಡದು. ಇಂಥ ಬ್ಯಾಟರಿಯನ್ನು ಹೈಡ್ರೋಮೀಟರಿನಿಂದಲೂ ಪರೀಕ್ಷಿಸಬಹುದು: ತುಂಬಿದ ಕೋಶದ ಸಾಂದ್ರತೆ 1.26ರಿಂದ 1.28, ಆರರಲ್ಲಿ ಒಂದು ಮಾತ್ರ 0.05ರಷ್ಟು ಹಿಂದಿದ್ದರೆ ಅದೇ ರೋಗಿ. ಮುಚ್ಚಿದ ಬ್ಯಾಟರಿಗೆ ನೀರು ಬೇಡ. ಅದರ ಮುಚ್ಚಳವನ್ನು ಮೀಟಿ ತೆಗೆಯುವುದೂ ಬೇಡ.

ಬಿಸಿಲೂ ಬ್ಯಾಟರಿಯ ಆಯುಸ್ಸನ್ನು ತಿನ್ನುತ್ತದೆ. ಉಷ್ಣತೆ 25 ಡಿಗ್ರಿಯಿಂದ ಮೇಲಕ್ಕೆ ಪ್ರತಿ ಹತ್ತು ಡಿಗ್ರಿ ಏರಿದಂತೆ ಅದರ ಬಾಳು ಸರಿಸುಮಾರು ಅರ್ಧವಾಗುತ್ತದೆನ್ನುವಾಗ, 40 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳುಗಳಲ್ಲಿ ಗಾಡಿಯನ್ನು ಬೇವಿನ ನೆರಳಿಗೆ ಸರಿಸುವುದು ಬರಿಯ ಸೀಟಿನ ರಕ್ಷಣೆಯಲ್ಲ.

ಎರಡು ಅಭ್ಯಾಸಗಳನ್ನು ಕೈಬಿಡಲೇಬೇಕು. ಓಡುತ್ತಿರುವ ಗಾಡಿಯ ಬ್ಯಾಟರಿ ವೈರನ್ನು ಕಿತ್ತು, ಎಂಜಿನ್ ನಿಲ್ಲದಿದ್ದರೆ ಚಾರ್ಜಿಂಗ್ ಸರಿಯೆಂದು ಹೇಳುವುದು ಹಳೆಯ ಪದ್ಧತಿ. ಹೊಸ ಗಾಡಿಯಲ್ಲಿ ಆ ಕ್ಷಣಕ್ಕೆ ವೋಲ್ಟೇಜು ಚಿಮ್ಮಿ ಇ.ಸಿ.ಯು. ಸುಟ್ಟರೆ, ಅದರ ಬೆಲೆಗೆ ಹಲವು ಬ್ಯಾಟರಿಗಳು ಬಂದಾವು. ಓಡುತ್ತಿರುವ ಟ್ರ್ಯಾಕ್ಟರಿನಿಂದ ವೈರು ಹಚ್ಚಿ ಬೈಕನ್ನು ಎಬ್ಬಿಸುವುದು ಇನ್ನೊಂದು. ಅನಿವಾರ್ಯವಾದರೆ ಟ್ರ್ಯಾಕ್ಟರಿನ ಎಂಜಿನನ್ನು ನಿಲ್ಲಿಸಿಯೇ, 12 ವೋಲ್ಟೆಂಬುದನ್ನು ಖಚಿತಪಡಿಸಿಕೊಂಡೇ ಹಚ್ಚಬೇಕು. ಬ್ಯಾಟರಿಯನ್ನು ಬಿಚ್ಚುವಾಗ ಕರಿಯ ವೈರು ಮೊದಲು, ಕೂರಿಸುವಾಗ ಅದು ಕೊನೆಗೆ. ಏಕೆಂದರೆ ಕೆಂಪು ಟರ್ಮಿನಲ್ಲಿನ ಮೇಲಿರುವ ಪಾನಾ ಗಾಡಿಯ ಮೈಗೆ ತಗುಲಿದರೂ ಆಗ ಕಿಡಿ ಹಾರುವುದಿಲ್ಲ. ಟರ್ಮಿನಲ್ಲಿನ ಮೇಲೆ ಬೆಳೆದ ಬಿಳಿಯ ಹಿಟ್ಟನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಒರಸಿ, ಬಿಗಿದ ಮೇಲೆ ವ್ಯಾಸ್ಲೀನ್ ಸವರಬೇಕು.

ನಮ್ಮ ಜಿಲ್ಲೆಯಿಂದ ಗೋವೆಗೆ, ಪುಣೆಗೆ, ಮುಂಬಯಿಗೆ ದುಡಿಯಲು ಹೋಗುವವರು ಅನೇಕರು. ಅವರ ಗಾಡಿ ಮನೆಯ ಪಡಸಾಲೆಯಲ್ಲಿ ತಿಂಗಳುಗಟ್ಟಲೆ ನಿಂತಿರುತ್ತದೆ. ಅರೆಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ತಗಡುಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳಾಗಿ ಕೂತು, ಮುಂದೆ ಯಾವ ಚಾರ್ಜಿಗೂ ಕರಗದು. ಹೊರಡುವ ಹಿಂದಿನ ದಿನ ಬ್ಯಾಟರಿಯನ್ನು ತುಂಬಿಸಿ, ಕರಿಯ ವೈರನ್ನು ಬಿಚ್ಚಿ ಅದರ ತುದಿಗೆ ಪ್ಲಾಸ್ಟಿಕ್ಕು ಸುತ್ತಿಟ್ಟು, ಮನೆಯಲ್ಲಿರುವ ತಮ್ಮನಿಗೋ ತಂಗಿಗೋ ತಿಂಗಳಿಗೊಮ್ಮೆ ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರವಿಟ್ಟು ಚಾರ್ಜು ಮಾಡಲು ಹೇಳಿ ಹೋಗಬೇಕು. ಚಾರ್ಜರಿನ ಪ್ರವಾಹ ಬ್ಯಾಟರಿಯ ಹೊಟ್ಟೆಯ ಹತ್ತರಲ್ಲೊಂದು ಪಾಲಿರಲಿ: 3 ಆಂಪೇರ್-ಅವರಿಗೆ 0.3 ಆಂಪೇರು. ಲಾರಿಯ ಬ್ಯಾಟರಿಗಳ ಸಾಲಿನಲ್ಲಿ ಅದನ್ನೂ ಇಟ್ಟು ಅರ್ಧ ಗಂಟೆಯಲ್ಲಿ ತುಂಬಿಸಿಕೊಡುವ ಅಂಗಡಿಗೆ ಕಳಿಸಬೇಡಿ. ಊರಿಗೆ ಮರಳಿದ ದಿನ ಸೆಲ್ಫನ್ನು ಒತ್ತುವ ಮೊದಲು ಮೀಟರು ಹಿಡಿದು, 12.4ಕ್ಕಿಂತ ಕಡಿಮೆಯಿದ್ದರೆ ಅಂದು ರಾತ್ರಿ ಬ್ಯಾಟರಿಯನ್ನು ಚಾರ್ಜಿಗಿಟ್ಟು, ಬೆಳಿಗ್ಗೆ ಗಾಡಿಗೆ ಕೈಹಾಕಿ.